ತರಬೇತಿಗೆ ಹೊರಟ ಆಹಾರತಜ್ಞರ ಚೀಲದಲ್ಲಿ ಏನಿರಬೇಕು?

ಪೋಷಣ ವಿಜ್ಞಾನ ಮತ್ತು ಪಥ್ಯಾಹಾರ ಓದಿದವರು ಪರೀಕ್ಷೆ ಮುಗಿಸಿ ಆಸ್ಪತ್ರೆಗಳಲ್ಲಿ ಇಂಟರ್ನ್‌ಶಿಪ್‌ಗೆ ಸೇರಿಕೊಳ್ಳುವ ಹೊತ್ತಿನಲ್ಲಿ, ಅದರ ಸಿದ್ಧತೆ ಹೇಗಿರಬೇಕು ಎಂದು ಕೇಳಿದ ಪತ್ರಗಳು ಒಟ್ಟಿಗೆ ಬಂದಿವೆ. ಈ ಬಾರಿ ಅವನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಆಹಾರ ಮತ್ತು ಪೋಷಣ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ. ಮುಂದಿನ ತಿಂಗಳು ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ ಆರಂಭವಾಗುತ್ತದೆ. ಹಿರಿಯ ವಿದ್ಯಾರ್ಥಿಗಳಲ್ಲಿ ಒಬ್ಬರು ಪಠ್ಯಪುಸ್ತಕಗಳನ್ನೆಲ್ಲ ಒಯ್ಯಬೇಕು ಎನ್ನುತ್ತಾರೆ, ಇನ್ನೊಬ್ಬರು ಮೊಬೈಲ್ ಇದ್ದರೆ ಸಾಕು ಎನ್ನುತ್ತಾರೆ. ನಿಜವಾಗಿ ಬೇಕಾಗುವುದೇನು?
— ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಪಠ್ಯಪುಸ್ತಕಗಳು ಹಾಸ್ಟೆಲ್ಲಿನ ಕೋಣೆಯಲ್ಲಿರಲಿ, ಹಗಲು ಕಂಡ ರೋಗಿಯ ತೊಂದರೆಯನ್ನು ರಾತ್ರಿ ಕುಳಿತು ಓದಿಕೊಳ್ಳಲು ಅವು ಬೇಕೇ ಬೇಕು. ವಾರ್ಡಿಗೆ ಬರುವಾಗ ಏಪ್ರನ್ನಿನ ಜೇಬಿನಲ್ಲಿ ಹಿಡಿಸುವಷ್ಟು ಸಾಮಾನು ಸಾಕು: ಗಟ್ಟಿ ರಟ್ಟಿನ ಒಂದು ಕಿರುಪುಸ್ತಕ, ಎರಡು ಪೆನ್ನು, ಒಂದು ಸಣ್ಣ ಕ್ಯಾಲ್ಕುಲೇಟರ್ ಮತ್ತು ಒಂದು ಅಳತೆ ಟೇಪು. ದರ್ಜಿಗಳು ಬಳಸುವ ಬಟ್ಟೆಯ ಟೇಪು ದಿನ ಕಳೆದಂತೆ ಹಿಗ್ಗುತ್ತದೆ, ಆದ್ದರಿಂದ ಹಿಗ್ಗದ, ಒರೆಸಿ ಶುಚಿಗೊಳಿಸಬಹುದಾದ ಟೇಪನ್ನೇ ಕೊಳ್ಳಿ. ಎದ್ದು ನಿಲ್ಲಲಾರದ ರೋಗಿಯ ಎತ್ತರವನ್ನು ಮೊಣಕೈ ತುದಿಯಿಂದ ಮಣಿಕಟ್ಟಿನ ಮೂಳೆಯವರೆಗಿನ ಉದ್ದದಿಂದ ಅಂದಾಜು ಮಾಡುವುದಕ್ಕೂ ತೋಳು ಮತ್ತು ಮೀನಖಂಡದ ಸುತ್ತಳತೆಯನ್ನು ಗುರುತಿಸುವುದಕ್ಕೂ ಅದು ದಿನವೂ ಬೇಕಾಗುತ್ತದೆ. ಒಬ್ಬ ರೋಗಿಗೆ ಬಳಸಿದ ಟೇಪನ್ನು ಒರೆಸದೆ ಇನ್ನೊಬ್ಬರ ಮೈಗೆ ತಾಗಿಸಬಾರದು. ಮೊಬೈಲ್ ಇರಲಿ, ಆದರೆ ರೋಗಿ ಮಾತನಾಡುತ್ತಿರುವಾಗ ಅದನ್ನು ನೋಡುತ್ತ ಟೈಪಿಸುವುದಕ್ಕಿಂತ ಕಾಗದದ ಮೇಲೆ ಬರೆದುಕೊಳ್ಳುವುದು ಮೇಲು; ಎದುರಿಗಿರುವವರು ತಮ್ಮ ಮಾತನ್ನೇ ಕೇಳುತ್ತಿದ್ದಾರೆ ಎಂಬ ನಂಬಿಕೆ ಬಂದರೆ ಮಾತ್ರ ರೋಗಿ ನಿಜ ಹೇಳುತ್ತಾರೆ. ವಾರ್ಡಿನಲ್ಲಾಗಲಿ, ಅಡುಗೆಮನೆಯಲ್ಲಾಗಲಿ ಫೋಟೋ ತೆಗೆದು ಹಂಚಿಕೊಳ್ಳುವುದು ಖಂಡಿತ ಬೇಡ.

ನನ್ನ ಕೈಕೆಳಗೆ ಕಲಿಯಲು ಬರುವವರಲ್ಲಿ ನಾನು ಮೊದಲು ಹುಡುಕುವ ವಸ್ತು ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಅದು ತಮ್ಮ ಮನೆಯ ಅಡುಗೆಯನ್ನು ತಾವೇ ತೂಗಿ ಬರೆದುಕೊಂಡ ಅಳತೆಯ ಪುಸ್ತಕ. ಒಂದೊಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಅಡುಗೆಮನೆಯ ತಕ್ಕಡಿಯೊಂದನ್ನು ಈ ತಿಂಗಳೇ ಕೊಂಡು, ನಿಮ್ಮ ಮನೆಯಲ್ಲಿ ಒಂದು ಮುದ್ದೆಗೆ ಎಷ್ಟು ಹಿಟ್ಟು ಹೋಗುತ್ತದೆ, ಒಂದು ಜೋಳದ ರೊಟ್ಟಿಗೆ ಎಷ್ಟು, ನೀವು ಬಡಿಸಿಕೊಳ್ಳುವ ಒಂದು ಸೌಟು ಅನ್ನ ಎಷ್ಟು ತೂಗುತ್ತದೆ, ಒಗ್ಗರಣೆಗೆ ಹಾಕುವ ಎಣ್ಣೆ ಎಷ್ಟು ಚಮಚ ಎಂಬುದನ್ನು ತೂಗಿ, ಅಳೆದು ಬರೆದಿಡಿ. ಸಾಧ್ಯವಾದರೆ ನೆರೆಮನೆಯವರ ಮುದ್ದೆ, ರೊಟ್ಟಿಗಳನ್ನೂ ತೂಗಿ ನೋಡಿ, ಏಕೆಂದರೆ ಎರಡು ಮನೆಗಳ ಅಳತೆ ಒಂದೇ ಆಗಿರುವುದು ಅಪರೂಪ.

ಇದಕ್ಕೆ ಇಷ್ಟು ಒತ್ತು ಕೊಡುವುದೇಕೆ ಎಂಬುದನ್ನು ಒಂದು ಲೆಕ್ಕದಿಂದ ತೋರಿಸುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 320 ಕಿಲೊ ಕ್ಯಾಲೊರಿ, ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ ಮತ್ತು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮಂಡ್ಯದ ಕಡೆಯ ರೈತರೊಬ್ಬರು ಮಧ್ಯಾಹ್ನ ಒಂದು ಮುದ್ದೆ ಉಣ್ಣುತ್ತೇನೆ ಎಂದಾಗ ಅದರಲ್ಲಿರುವ ಹಿಟ್ಟು 60 ಗ್ರಾಂ ಆಗಿದ್ದರೆ ಅವರಿಗೆ ಸಿಕ್ಕಿದ್ದು 40 ಗ್ರಾಂ ಕಾರ್ಬೋಹೈಡ್ರೇಟ್. 120 ಗ್ರಾಂ ಆಗಿದ್ದರೆ 80 ಗ್ರಾಂ. ಇನ್ಸುಲಿನ್ ತೆಗೆದುಕೊಳ್ಳುವ ವ್ಯಕ್ತಿಗೆ ಈ ಅಂತರ ಸಣ್ಣದಲ್ಲ. ನೀವು ಕಾಲೇಜಿನಲ್ಲಿ ಕಲಿತ ಸೂತ್ರಗಳು ಎಷ್ಟೇ ನಿಖರವಾಗಿದ್ದರೂ, 'ಒಂದು ಮುದ್ದೆ' ಎಂದು ಬರೆದುಕೊಂಡ ಆ ಮೊದಲ ಸಾಲೇ ತಪ್ಪಿದ್ದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಹಲವು ಗಾತ್ರದ ಮುದ್ದೆಗಳನ್ನು ಕೈಯಾರೆ ತೂಗಿದವರು ರೋಗಿಯ ಎದುರು ತಮ್ಮ ಅಂಗೈಯನ್ನೇ ಬಟ್ಟಲಿನಂತೆ ಮಾಡಿ 'ಇಷ್ಟಿರುತ್ತದೆಯೇ, ಇನ್ನೂ ದೊಡ್ಡದೇ' ಎಂದು ಕೇಳಬಲ್ಲರು, ಸಿಕ್ಕ ಉತ್ತರವನ್ನು ಗ್ರಾಂಗಳಿಗೆ ತಿರುಗಿಸಬಲ್ಲರು.

ಎಣ್ಣೆ, ಉಪ್ಪುಗಳ ವಿಷಯದಲ್ಲಿ ದಿನದ ಪ್ರಮಾಣವನ್ನು ಕೇಳಿದರೆ ಯಾರಿಗೂ ಹೇಳಲಾಗುವುದಿಲ್ಲ. ತಿಂಗಳಿಗೆ ಎಷ್ಟು ಪ್ಯಾಕೆಟ್ ತರುತ್ತೀರಿ, ಮನೆಯಲ್ಲಿ ಉಣ್ಣುವವರು ಎಷ್ಟು ಜನ ಎಂದು ಕೇಳಿ. ನಾಲ್ವರಿರುವ ಮನೆಗೆ ತಿಂಗಳಿಗೆ 4 ಲೀಟರ್ ಎಣ್ಣೆ ಬರುತ್ತಿದ್ದರೆ ತಲೆಗೆ ದಿನಕ್ಕೆ ಹತ್ತಿರ ಹತ್ತಿರ 30 ಗ್ರಾಂ ಆಯಿತು. ಮೂವರಿರುವ ಮನೆಯಲ್ಲಿ ಒಂದು ಕಿಲೊ ಉಪ್ಪು ತಿಂಗಳಿಗೆ ಮುಗಿಯುತ್ತಿದ್ದರೆ ತಲೆಗೆ 11 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ರೊಟ್ಟಿ ಬೇಯಿಸುವವರು ಹೆಂಡತಿಯೋ ಸೊಸೆಯೋ ಆಗಿದ್ದು, ನೀವು ರೋಗಿಯನ್ನು ಮಾತ್ರ ಕೇಳಿ ಹಿಂತಿರುಗಿದರೆ ಅರ್ಧ ಮಾಹಿತಿ ಮನೆಯಲ್ಲೇ ಉಳಿಯುತ್ತದೆ, ಆದ್ದರಿಂದ ಭೇಟಿಯ ಸಮಯದಲ್ಲಿ ಬಂದವರನ್ನೂ ಮಾತಿಗೆ ಕರೆಯಿರಿ. 'ಏನೂ ಸೇರುತ್ತಿಲ್ಲ' ಎನ್ನುವವರು ಸಕ್ಕರೆ ಹಾಕಿದ ಕಾಫಿ ಮತ್ತು ಬಿಸ್ಕತ್ತುಗಳನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ ಎಂಬುದನ್ನೂ ನೆನಪಿನಲ್ಲಿಡಿ.

ಕಿರುಪುಸ್ತಕದ ಮೊದಲ ಪುಟಗಳಲ್ಲಿ ಪದೇ ಪದೇ ಬೇಕಾಗುವ ಅಂಕಿಗಳಿರಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಶಿಫಾರಸುಗಳಲ್ಲಿ ಮಾದರಿ ಪುರುಷನ ತೂಕ 65 ಕಿಲೊ, ಮಹಿಳೆಯ ತೂಕ 55 ಕಿಲೊ. ಪ್ರೋಟೀನ್ ಪ್ರತಿ ಕಿಲೊ ದೇಹತೂಕಕ್ಕೆ 0.83 ಗ್ರಾಂ. ಇವು ಆರೋಗ್ಯವಂತರಿಗಾಗಿ ಹೇಳಿದ ಅಂಕಿಗಳು. ಸುಟ್ಟಗಾಯದವರಿಗೆ, ಡಯಾಲಿಸಿಸ್‌ನಲ್ಲಿರುವವರಿಗೆ ಇವನ್ನೇ ಹಚ್ಚುವ ತಪ್ಪನ್ನು ಹೊಸಬರು ಮಾಡುತ್ತಿರುತ್ತಾರೆ. ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ತೋರಿಸುವ ದೇಹತೂಕ ಸೂಚ್ಯಂಕದಲ್ಲಿ (ಬಿಎಂಐ) ನಮ್ಮ ಜನರಿಗೆ 23ರಿಂದಲೇ ಅಧಿಕ ತೂಕ, 25ರಿಂದ ಬೊಜ್ಜು ಎಂದು ಎಣಿಸುವ ಪದ್ಧತಿಯಿದೆ. ಪರದೇಶದ ಪಠ್ಯಪುಸ್ತಕ ಓದಿ ಬಂದವರು 25 ಮತ್ತು 30ನ್ನೇ ಬರೆದುಬಿಡುತ್ತಾರೆ. ಇನ್ನೊಂದು ಎಚ್ಚರಿಕೆಯೆಂದರೆ, 2017ರ ಕೋಷ್ಟಕಗಳಲ್ಲಿ ಶಕ್ತಿಯನ್ನು ಕಿಲೊ ಜೌಲ್‌ಗಳಲ್ಲಿ ಕೊಟ್ಟಿದ್ದಾರೆ. ಅದನ್ನು 4.184ರಿಂದ ಭಾಗಿಸಿದರೆ ಮಾತ್ರ ಕಿಲೊ ಕ್ಯಾಲೊರಿ ಸಿಗುತ್ತದೆ.

ಪ್ರಶ್ನೆ: ಮಗಳು ಇಂಟರ್ನ್‌ಶಿಪ್‌ಗೆ ಹೊರಟಿದ್ದಾಳೆ. ಯಾವ ಕಾಗದಪತ್ರಗಳು ಬೇಕು? ದೇಹದ ಕೊಬ್ಬನ್ನು ಅಳೆಯುವ ಯಂತ್ರವನ್ನು ಕೊಡಿಸಬೇಕೇ?
— ತಂದೆಯೊಬ್ಬರು, ಹಾಸನ

ಉತ್ತರ: ಯಂತ್ರ ಬೇಡ, ಬೇಕಾದ ಉಪಕರಣ ಆಸ್ಪತ್ರೆಯಲ್ಲಿರುತ್ತದೆ. ಆ ಹಣದಲ್ಲಿ ಹಿಂದೆಮುಂದೆ ಮುಚ್ಚಿರುವ, ಜಾರದ ಅಡಿಯ ಒಂದು ಜೊತೆ ಒಳ್ಳೆಯ ಪಾದರಕ್ಷೆ ಮತ್ತು ಎರಡು ಏಪ್ರನ್ ಕೊಡಿಸಿ, ಏಕೆಂದರೆ ದಿನವಿಡೀ ನಿಂತು ನಡೆಯುವ ಕೆಲಸವಿದು. ಕಾಲೇಜಿನ ಪತ್ರ, ಗುರುತಿನ ಚೀಟಿ, ಅಂಕಪಟ್ಟಿಗಳ ಪ್ರತಿ, ಭಾವಚಿತ್ರಗಳು ಎಲ್ಲೆಡೆ ಕೇಳುವಂಥವೇ. ಜನರು ಮರೆಯುವುದು ಲಸಿಕೆಯ ದಾಖಲೆಯನ್ನು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸುಗಳು ಸಾಮಾನ್ಯವಾಗಿ ಮೊದಲ ದಿನ, ಒಂದು ತಿಂಗಳಿಗೆ ಮತ್ತು ಆರು ತಿಂಗಳಿಗೆ ಇರುವುದರಿಂದ, ಸೇರುವ ಹಿಂದಿನ ವಾರ ನೆನಪಾದರೆ ಸಮಯ ಸಾಲುವುದಿಲ್ಲ. ಆಹಾರ ಮುಟ್ಟುವ ಕೆಲಸವೂ ಇರುವುದರಿಂದ ಟೈಫಾಯ್ಡ್ ಲಸಿಕೆಯನ್ನೂ ವೈದ್ಯರಲ್ಲಿ ಕೇಳಿ ಹಾಕಿಸಿ.

ಇನ್ನೊಂದು ಮಾತನ್ನು ಮಗಳಿಗೆ ತಪ್ಪದೆ ತಿಳಿಸಿ. ಮುಂದೆ ಇಂಡಿಯನ್ ಡಯೆಟೆಟಿಕ್ ಅಸೋಸಿಯೇಷನ್ ನಡೆಸುವ ನೋಂದಾಯಿತ ಆಹಾರತಜ್ಞರ ಪರೀಕ್ಷೆಗೆ ಕುಳಿತುಕೊಳ್ಳುವ ಯೋಚನೆ ಇದ್ದರೆ, ತಾನು ಸೇರುವ ಆಸ್ಪತ್ರೆಯ ತರಬೇತಿ ಅದಕ್ಕೆ ಸಲ್ಲುತ್ತದೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಬರವಣಿಗೆಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು. 2021ರ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯಿದೆ ಆಹಾರತಜ್ಞರನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿರುವುದರಿಂದ, ಸಹಿಯಾದ ಲಾಗ್‌ಬುಕ್ ಮತ್ತು ಪ್ರಮಾಣಪತ್ರಗಳ ಮೂಲ ಪ್ರತಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಹಿಂದೆಂದಿಗಿಂತ ಈಗ ಅಗತ್ಯ.

ಪ್ರಶ್ನೆ: ಇಂಟರ್ನ್‌ಶಿಪ್ ಸೇರಿದ ದಿನದಿಂದ ನನ್ನನ್ನು ಆಸ್ಪತ್ರೆಯ ಅಡುಗೆಮನೆಯಲ್ಲೇ ನಿಲ್ಲಿಸಿದ್ದಾರೆ. ಸ್ನಾತಕೋತ್ತರ ಪದವಿ ಪಡೆದು ತಟ್ಟೆ ಎಣಿಸಬೇಕೇ? ಇಲ್ಲಿಗೆ ನಾನು ತರಬೇಕಾದದ್ದು ಏನಾದರೂ ಇದೆಯೇ?
— ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೂ ಅಡುಗೆಮನೆಯ ಈ ವಾರಗಳನ್ನು ದಯವಿಟ್ಟು ಕಳೆದುಕೊಳ್ಳಬೇಡಿ. ಚೀಟಿಯ ಮೇಲೆ ನೀವು ಬರೆಯುವ ಪಥ್ಯ ಊಟವಾಗುವುದು ಅಲ್ಲೇ. ಉಪ್ಪಿಲ್ಲದ ಸಾರನ್ನು ಬೇರೆ ಪಾತ್ರೆಯಲ್ಲಿ ಕುದಿಸಲು ಎಷ್ಟು ಒಲೆ ಬೇಕು, ಬೆಳಗ್ಗೆ ಹತ್ತು ಗಂಟೆಯ ನಂತರ ಬಂದ ಬದಲಾವಣೆಯ ಚೀಟಿಯನ್ನು ಮಧ್ಯಾಹ್ನದ ಊಟಕ್ಕೆ ಹೊಂದಿಸುವುದು ಎಷ್ಟು ಕಷ್ಟ, ಒಂದೇ ಸೌಟಿನಲ್ಲಿ ಇಬ್ಬರು ಬಡಿಸಿದರೆ ಅಳತೆ ಎಷ್ಟು ಬದಲಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡವರು ಮುಂದೆ ಮಾಡಲಾಗದ ಪಥ್ಯವನ್ನು ಬರೆಯುವುದಿಲ್ಲ.

ನೀವು ತರಬೇಕಾದದ್ದರಲ್ಲಿ ಮೊದಲನೆಯದು ಶುಚಿಯಾದ ಕೈ. ಬಳೆ, ಉಂಗುರ, ಕೈಗಡಿಯಾರ, ಉಗುರುಬಣ್ಣ ಮನೆಯಲ್ಲಿರಲಿ. ಕೂದಲು ಪೂರ್ತಿ ಟೋಪಿಯೊಳಗಿರಲಿ. ಕೆಮ್ಮು, ಭೇದಿ, ಕೈಮೇಲೆ ಹುಣ್ಣು ಇದ್ದ ದಿನ ಮರೆಮಾಚದೆ ಮೇಲ್ವಿಚಾರಕರಿಗೆ ತಿಳಿಸಿ. ಆಹಾರಕ್ಕೆ ಚುಚ್ಚಿ ನೋಡುವ ಥರ್ಮಾಮೀಟರನ್ನು ಹೇಗೆ ಒರೆಸಿ ಬಳಸಬೇಕೆಂದು ಕಲಿತುಕೊಳ್ಳಿ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಸೂಕ್ಷ್ಮಾಣುಗಳು ಬೇಗ ಬೆಳೆಯುತ್ತವೆಂದು ನೀವು ಪರೀಕ್ಷೆಯಲ್ಲಿ ಬರೆದಿದ್ದೀರಿ. ಮೂರನೆಯ ಮಹಡಿಯ ಕೊನೆಯ ಹಾಸಿಗೆಗೆ ತಲುಪುವಾಗ ಅನ್ನ ಎಷ್ಟು ಡಿಗ್ರಿ ಇರುತ್ತದೆ ಎಂಬುದನ್ನು ಈಗ ಅಳೆದು ನೋಡಿ. ಮೂಗಿನ ನಳಿಕೆಯ ಮೂಲಕ ಆಹಾರ ಪಡೆಯುವವರಿಗೆ ಅಡುಗೆಮನೆಯಲ್ಲೇ ತಯಾರಿಸುವ ದ್ರವವಿದ್ದರೆ, ಅದನ್ನು ಅರೆದು, ಸೋಸಿ, ಎಷ್ಟು ಹೊತ್ತಿನೊಳಗೆ ವಾರ್ಡಿಗೆ ಕಳಿಸುತ್ತಾರೆ ಎಂಬುದನ್ನು ಪಕ್ಕದಲ್ಲೇ ನಿಂತು ಗಮನಿಸಿ. ಅಲ್ಲಿ ಆಗುವ ಸಣ್ಣ ಅಜಾಗ್ರತೆಯೂ ದುರ್ಬಲ ರೋಗಿಯ ಜೀವಕ್ಕೆ ತೊಡಕಾಗಬಲ್ಲದು.

ಹಿಂತಿರುಗಿ ಬಂದ ತಟ್ಟೆಗಳನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಯಾವ ವಾರ್ಡಿನಿಂದ ಏನು ಉಳಿದು ಬಂತು ಎಂದು ಗುರುತು ಹಾಕಿಟ್ಟರೆ, ಊಟ ಕೊಟ್ಟಿದ್ದೇವೆ ಎಂದು ದಾಖಲೆಯಲ್ಲಿರುವುದಕ್ಕೂ ರೋಗಿ ಉಂಡದ್ದಕ್ಕೂ ಇರುವ ಅಂತರ ಕಾಣುತ್ತದೆ.

ಅಡುಗೆಯವರ ತಿಳಿವಳಿಕೆಯನ್ನು ಕಡೆಗಣಿಸಬೇಡಿ. ಮೂತ್ರಪಿಂಡದ ಕಾಯಿಲೆಯವರಿಗೆ ಪೊಟ್ಯಾಸಿಯಂ ಕಡಿಮೆ ಮಾಡಲು ತರಕಾರಿ, ಸೊಪ್ಪು, ಕಾಳುಗಳನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ನೀರನ್ನು ಬಸಿಯಬೇಕು ಎಂದು ನಾವು ಹೇಳುತ್ತೇವೆ. ನಿಮ್ಮ ಮೈಸೂರು ಸೀಮೆಯಲ್ಲಿ ಆ ಬಸಿದ ಕಟ್ಟಿನಿಂದಲೇ ಬಸ್ಸಾರು ಮಾಡುತ್ತಾರೆ! ಪಥ್ಯ ಪಾಲಿಸುತ್ತಿದ್ದೇನೆಂದು ನಂಬಿಕೊಂಡು ಪಲ್ಯವನ್ನೂ ಸಾರನ್ನೂ ಉಂಡ ರೋಗಿಗೆ, ತರಕಾರಿಯಿಂದ ಇಳಿದ ಪೊಟ್ಯಾಸಿಯಂ ಸಾರಿನ ಬಟ್ಟಲಿನಲ್ಲಿ ಮರಳಿ ಬಂದಿರುತ್ತದೆ. 'ನೀರು ಬಸಿಯಿರಿ' ಎಂದು ಹೇಳಿ ನಿಲ್ಲಿಸದೆ 'ಆ ಕಟ್ಟನ್ನು ಚೆಲ್ಲಿರಿ, ಸಾರಿಗೆ ಬಳಸಬೇಡಿ' ಎಂದು ಬಿಡಿಸಿ ಹೇಳಬೇಕೆಂಬುದು ಅಡುಗೆ ಬಲ್ಲವರಿಗೆ ಮಾತ್ರ ಹೊಳೆಯುತ್ತದೆ. ಎಳನೀರಿನ ಮಾತೂ ಹೀಗೆಯೇ: ಕಾಯಿಲೆಯವರನ್ನು ನೋಡಲು ಬರುವವರು ಪ್ರೀತಿಯಿಂದ ತರುವ ಈ ಪಾನೀಯದ 100 ಮಿಲಿಲೀಟರಿನಲ್ಲಿ 200 ಮಿಲಿಗ್ರಾಂಗೂ ಮಿಕ್ಕಿ ಪೊಟ್ಯಾಸಿಯಂ ಇರುತ್ತದೆ.

ಪ್ರಶ್ನೆ: ನಾನು ಕಲಬುರಗಿಯವಳು, ಮಂಗಳೂರಿನಲ್ಲಿ ತರಬೇತಿ ಸಿಕ್ಕಿದೆ. ಕೇಸ್ ಶೀಟ್‌ನ ಇಂಗ್ಲಿಷ್ ಸಂಕ್ಷೇಪಗಳು ಅರ್ಥವಾಗುವುದಿಲ್ಲ, ಅಲ್ಲಿನ ಜನರ ಊಟವೂ ಗೊತ್ತಿಲ್ಲ. ಹೇಗೆ ಸಿದ್ಧಳಾಗಲಿ?
— ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಸಂಕ್ಷೇಪಗಳ ಬಗ್ಗೆ ಹೆದರಿಕೆ ಬೇಡ, ಅವು ಕೆಲವೇ ವಾರಗಳಲ್ಲಿ ರೂಢಿಯಾಗುತ್ತವೆ. ಎನ್‌ಬಿಎಂ ಎಂದರೆ ಬಾಯಿಂದ ಏನೂ ಕೊಡಬಾರದು, ಆರ್‌ಟಿ ಫೀಡ್ ಎಂದರೆ ಮೂಗಿನ ನಳಿಕೆಯ ಆಹಾರ, ಕೆ/ಸಿ/ಒ ಎಂದರೆ ಮೊದಲಿನಿಂದಲೂ ಇರುವ ಕಾಯಿಲೆ. ಹೀಗೆ ಕಂಡದ್ದನ್ನೆಲ್ಲ ಕಿರುಪುಸ್ತಕದ ಹಿಂಬದಿಯಿಂದ ಬರೆಯುತ್ತ ಬನ್ನಿ. ತಿಳಿಯದ ಸಂಕ್ಷೇಪವನ್ನು ಊಹಿಸದೆ ವಾರ್ಡಿನ ಸಿಸ್ಟರನ್ನು ಕೇಳಿ. ಔಷಧಿಗಳ ಪಟ್ಟಿಯನ್ನು ಓದುವುದನ್ನೂ ಕಲಿಯಿರಿ: ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ಒಂದು ವಾರ ರಾಶಿ ತಿಂದು ಮರುವಾರ ಬಿಡುವಂತಿಲ್ಲ, ಥೈರಾಯ್ಡ್ ಮಾತ್ರೆಯನ್ನು ಬರಿಹೊಟ್ಟೆಯಲ್ಲೇ ನುಂಗಬೇಕು, ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ವಿಟಮಿನ್ ಕಡಿಮೆಯಾಗಬಹುದು.

ಊಟದ ವಿಷಯಕ್ಕೆ ಹೆಚ್ಚು ಸಮಯ ಕೊಡಿ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಲ್ಲ ನಿಮಗೆ ಅಲ್ಲಿ ಕುಚಲಕ್ಕಿ ಗಂಜಿ, ನೀರುದೋಸೆ, ತೆಂಗಿನಕಾಯಿ ಅರೆದ ಮೀನುಸಾರು ಎದುರಾಗುತ್ತವೆ. ಆಸ್ಪತ್ರೆಗೆ ಸೇರುವ ಮೊದಲೇ ಮಂಗಳೂರಿಗೆ ಹೋಗಿ ಮೀನು ಮಾರುಕಟ್ಟೆ, ತರಕಾರಿ ಅಂಗಡಿ, ಸಣ್ಣ ಹೋಟೆಲುಗಳನ್ನು ನೋಡಿ, ಮನೆಯ ಅಡುಗೆ ಮಾಡುವವರೊಡನೆ ಮಾತನಾಡಿ, ತಕ್ಕಡಿಯನ್ನು ಅಲ್ಲಿಗೂ ಒಯ್ಯಿರಿ. ತುಳು, ಬ್ಯಾರಿ, ಕೊಂಕಣಿಗಳಲ್ಲಿ 'ಊಟ ಆಯಿತೇ, ಹಸಿವಿದೆಯೇ, ನುಂಗಲು ಆಗುತ್ತಿದೆಯೇ' ಎಂದು ಕೇಳುವಷ್ಟನ್ನು ಜೊತೆಯವರಿಂದ ಕಲಿತರೂ ರೋಗಿಗೆ ಹಿತವಾಗುತ್ತದೆ.

ಆಪರೇಷನ್ ಆದವರು ಬದನೆ ನಂಜು ಎಂದೋ, ಬಾಣಂತಿಯ ಮನೆಯವರು ಮೊಸರು ಶೀತ ಎಂದೋ ದೂರ ಇಡುವುದನ್ನು ನೀವು ನಿತ್ಯ ಕೇಳುತ್ತೀರಿ. ಅದನ್ನು ಮೂಢನಂಬಿಕೆಯೆಂದು ಅಲ್ಲಗಳೆದ ಕೂಡಲೇ ಅವರು ಮಾತು ನಿಲ್ಲಿಸುತ್ತಾರೆ. ಬದನೆ ಬಿಟ್ಟರೆ ನಷ್ಟವೇನಿಲ್ಲ; ಬೇಳೆ, ಮೊಟ್ಟೆ, ಸೊಪ್ಪು ಬಿಟ್ಟರೆ ಗಾಯ ಮಾಯುವುದು ತಡವಾಗುತ್ತದೆ. ಯಾವುದನ್ನು ಬಿಡಲು ಒಪ್ಪಬೇಕು, ಯಾವುದಕ್ಕೆ ತಾಳ್ಮೆಯಿಂದ ಒಪ್ಪಿಸಬೇಕು ಎಂದು ವಿಂಗಡಿಸುವುದನ್ನು ಈ ಆರು ತಿಂಗಳಲ್ಲಿ ನೀವು ಕಲಿಯಬೇಕು. ಸೋಮವಾರ, ಶನಿವಾರಗಳ ಒಪ್ಪೊತ್ತು, ಏಕಾದಶಿ, ರಂಜಾನ್ ಉಪವಾಸ, ಸೂರ್ಯಾಸ್ತದ ನಂತರ ಉಣ್ಣದ ಜೈನರ ನಿಯಮ ಇವೆಲ್ಲವನ್ನೂ ಮೊದಲ ಭೇಟಿಯಲ್ಲೇ ಕೇಳಿ ಬರೆದುಕೊಳ್ಳಿ. ಮಾತ್ರೆ, ಇನ್ಸುಲಿನ್‌ಗಳ ಸಮಯವನ್ನು ವೈದ್ಯರು ಹೊಂದಿಸಲು ಆ ಮಾಹಿತಿ ಬೇಕು.

ಪ್ರಶ್ನೆ: ನಮ್ಮ ತರಬೇತಿಯಲ್ಲಿ ಅಂಗನವಾಡಿ ಮತ್ತು ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೂ ಕಳಿಸುತ್ತಾರಂತೆ. ಅಲ್ಲಿಗೆ ಏನು ಒಯ್ಯಬೇಕು?
— ವಿದ್ಯಾರ್ಥಿ, ಕೊಪ್ಪಳ

ಉತ್ತರ: ಮಕ್ಕಳ ತೋಳಿನ ಸುತ್ತಳತೆಯ ಬಣ್ಣದ ಪಟ್ಟಿಯನ್ನು ಬಳಸಲು ಕಲಿತು ಹೋಗಿ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಎರಡೂ ಪಾದಗಳಲ್ಲಿ ಒತ್ತಿದರೆ ಗುಳಿ ಬೀಳುವ ಊತವಿದ್ದರೆ ಅಳತೆ ಸರಿಯಿದ್ದರೂ ಮಗು ಅಪಾಯದಲ್ಲಿದೆ ಎಂದೇ ತಿಳಿಯಬೇಕು. ಇಂಥ ಮಗುವಿಗೆ ಮೊದಲ ದಿನವೇ ಹೊಟ್ಟೆತುಂಬ ಉಣಿಸುವ ಆತುರ ತಾಯಿಗೂ ಇರುತ್ತದೆ, ಹೊಸ ವಿದ್ಯಾರ್ಥಿಗೂ ಇರುತ್ತದೆ. ಬಹುಕಾಲ ಹಸಿದ ದೇಹಕ್ಕೆ ಒಮ್ಮೆಲೇ ಹೆಚ್ಚು ಆಹಾರ ಸೇರಿದರೆ ರಕ್ತದ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿದು ಹೃದಯಕ್ಕೇ ಕುತ್ತು ಬರಬಹುದು. ಅದಕ್ಕಾಗಿಯೇ ಕೇಂದ್ರಗಳಲ್ಲಿ ಎಫ್-75 ಎಂಬ ಕಡಿಮೆ ಶಕ್ತಿಯ ಹಾಲಿನ ಆಹಾರದಿಂದ ಆರಂಭಿಸಿ, ಮಗು ಚೇತರಿಸಿಕೊಂಡ ಮೇಲೆ ಎಫ್-100ಕ್ಕೆ ಏರಿಸುತ್ತಾರೆ.

ಹಳ್ಳಿಗೆ ಹೋಗುವ ಮುನ್ನ ಆ ಊರಿನ ಸಂತೆಗೆ ಹೋಗಿ, ಆ ವಾರ ಯಾವ ಸೊಪ್ಪು, ಕಾಳು, ಮೊಟ್ಟೆ ಎಷ್ಟಕ್ಕೆ ಸಿಗುತ್ತಿದೆ ಎಂದು ಬರೆದುಕೊಳ್ಳಿ. ದಿನಗೂಲಿಯ ಮನೆಗೆ ಬಾದಾಮಿ, ಸೇಬುಗಳನ್ನು ಹೇಳಿ ಬರುವುದು ಅವರ ಸಂಕಟವನ್ನು ಹೆಚ್ಚಿಸುತ್ತದೆಯೇ ಹೊರತು ಮಗುವಿನ ತೂಕವನ್ನಲ್ಲ. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಿಂದ ನಮ್ಮ ರಾಜ್ಯದಲ್ಲಿದೆ. ಮನೆಯವರಿಗೆ ಸಲ್ಲಬೇಕಾದ ಇಂಥ ಸೌಲಭ್ಯಗಳ ವಿವರವೂ ನಿಮ್ಮ ಕಿರುಪುಸ್ತಕದಲ್ಲಿರಲಿ.

ಪ್ರಶ್ನೆ: ಅಮೆರಿಕದಲ್ಲಿ ಓದುತ್ತಿರುವ ಕನ್ನಡಿತಿ ನಾನು. ಇಲ್ಲಿನ ತರಬೇತಿಗೆ ಬೇರೇನಾದರೂ ಬೇಕೇ?
— ಓದುಗರು, ಟೆಕ್ಸಾಸ್

ಉತ್ತರ: ಅಲ್ಲಿ ಮೇಲ್ವಿಚಾರಣೆಯಡಿ ಕನಿಷ್ಠ 1,000 ಗಂಟೆಗಳ ತರಬೇತಿ ಬೇಕು, ಮತ್ತು 2024ರ ಜನವರಿ 1ರಿಂದ ನೋಂದಣಿ ಪರೀಕ್ಷೆಗೆ ಕುಳಿತುಕೊಳ್ಳಲು ಸ್ನಾತಕೋತ್ತರ ಪದವಿ ಕಡ್ಡಾಯವಾಗಿದೆ. ಲಸಿಕೆಯ ದಾಖಲೆ, ಹಿನ್ನೆಲೆ ಪರಿಶೀಲನೆ, ವೃತ್ತಿ ಹೊಣೆಗಾರಿಕೆಯ ವಿಮೆಗಳನ್ನು ಹೆಚ್ಚಿನ ಕಡೆ ಮೊದಲೇ ಕೇಳುತ್ತಾರೆ. ತರಬೇತಿಯ ಜಾಗಗಳು ದೂರ ದೂರ ಇರುವುದುಂಟು, ಆದ್ದರಿಂದ ಓಡಾಟದ ವ್ಯವಸ್ಥೆಯನ್ನೂ ಯೋಚಿಸಿಕೊಳ್ಳಿ. ಅಲ್ಲಿಯ ಆಹಾರತಜ್ಞರಿಗೆ ಭಾರತೀಯ ರೋಗಿಗಳ ಇಡ್ಲಿ, ಅವಲಕ್ಕಿ, ಚಪಾತಿಗಳ ಅಳತೆ ತಿಳಿದಿರುವುದು ಕಡಿಮೆ. ಮೇಲೆ ಹೇಳಿದ ಅಳತೆಯ ಪುಸ್ತಕ ನಿಮ್ಮಲ್ಲಿದ್ದರೆ ನಿಮ್ಮ ತಂಡಕ್ಕೇ ಉಪಕಾರವಾಗುತ್ತದೆ.

ಪ್ರಶ್ನೆ: ರೌಂಡ್ಸ್‌ನಲ್ಲಿ ವೈದ್ಯರು ಕೇಳಿದಾಗ ನನಗೆ ಮಾತೇ ಹೊರಡುವುದಿಲ್ಲ. ಏನು ಸಿದ್ಧಮಾಡಿಕೊಂಡು ಹೋಗಲಿ?
— ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಅರ್ಧ ಗಂಟೆ ಮೊದಲೇ ವಾರ್ಡಿಗೆ ಹೋಗಿ, ನಿಮಗೆ ವಹಿಸಿದ ಪ್ರತಿ ರೋಗಿ ಹಿಂದಿನ ದಿನ ಎಷ್ಟು ಉಂಡರು ಎಂಬುದನ್ನು ರೋಗಿಯಿಂದಲೂ ರಾತ್ರಿ ಪಾಳಿಯ ಸಿಸ್ಟರಿಂದಲೂ ಕೇಳಿ ತಿಳಿದುಕೊಳ್ಳಿ. ವಾಂತಿ, ಭೇದಿ, ನುಂಗುವ ತೊಂದರೆ, ತೂಕದ ಬದಲಾವಣೆ ಇದ್ದರೆ ಗುರುತು ಹಾಕಿ. ತೂಕ ನೋಡಲಾಗದವರಲ್ಲಿ ಬಳೆ ಸಡಿಲವಾಗಿದೆಯೇ, ಪ್ಯಾಂಟು ಜಾರುತ್ತಿದೆಯೇ ಎಂದು ಕೇಳಿದರೂ ತಿಳಿಯುತ್ತದೆ. ಮೈ ಬಾತಿದ್ದರೆ ಮಾತ್ರ ತಕ್ಕಡಿಯ ಅಂಕಿಯನ್ನೂ ನಂಬುವಂತಿಲ್ಲ. ಅನಂತರ ಪ್ರತಿಯೊಬ್ಬರ ಬಗ್ಗೆ ಎರಡೇ ವಾಕ್ಯ ಬರೆದುಕೊಳ್ಳಿ. 'ಆರನೆಯ ಹಾಸಿಗೆಯವರಿಗೆ 1,600 ಕಿಲೊ ಕ್ಯಾಲೊರಿ ಬೇಕಿದ್ದಲ್ಲಿ ನಿನ್ನೆ ಸುಮಾರು 700 ಮಾತ್ರ ಸೇರಿದೆ, ಬಾಯಿಹುಣ್ಣಿನಿಂದಾಗಿ ಖಾರ ತಡೆಯುತ್ತಿಲ್ಲ. ಮೆತ್ತಗಿನ, ಖಾರವಿಲ್ಲದ ಆಹಾರಕ್ಕೆ ಬದಲಿಸಬಹುದೇ?' ಎಂದು ಕೇಳಿದರೆ ಯಾವ ವೈದ್ಯರೂ ನಿಂತು ಕೇಳುತ್ತಾರೆ, ಏಕೆಂದರೆ ಆ ಅಂಕಿ ಅವರ ಬಳಿ ಇರುವುದಿಲ್ಲ. ಗೊತ್ತಿಲ್ಲದ್ದನ್ನು ಕೇಳಿದರೆ 'ನೋಡಿ ತಿಳಿಸುತ್ತೇನೆ' ಎಂದು ಹೇಳಿ, ಅದೇ ದಿನ ತಿಳಿಸಿ. ಪಥ್ಯ ಬದಲಾದರೆ ಅಡುಗೆಮನೆಗೆ ಚೀಟಿ ಹೋಯಿತೇ ಎಂದು ನೀವೇ ನೋಡಿ, ಮತ್ತು ಕೇಸ್ ಶೀಟ್‌ನಲ್ಲಿ ನೀವು ಬರೆದ ಸಾಲುಗಳ ಕೆಳಗೆ ಮೇಲ್ವಿಚಾರಕರ ಸಹಿಯನ್ನು ಅಂದೇ ಪಡೆದುಕೊಳ್ಳಿ.